ಪಿಯಾನೊ ಬಿಟ್ಟು ಹಾಡು ಕಟ್ಟಿದವರು

ಹಳೆಯ ಅಮೆರಿಕನ್ ಹಾಡುಗಳನ್ನು ಬಿಚ್ಚಿ ಮತ್ತೆ ಕಟ್ಟುವುದು ಜಾಜ್ ಪಿಯಾನೊ ವಾದಕರ ದೊಡ್ಡ ಕಸುಬು. ಸ್ವರಮೇಳದ ಚೌಕಟ್ಟು ಅವರ ಎಡಗೈಯಲ್ಲೇ ಇರುತ್ತದೆ. ಆದರೆ ಕೊಲೊರಾಡೊದಲ್ಲಿ ಬೆಳೆದ, ಕನ್ನಡ ಮೂಲದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ 2020ರ 'ಹೀರೋ ಟ್ರಿಯೋ' ಆಲ್ಬಮ್‌ನಲ್ಲಿ ಪಿಯಾನೊವನ್ನೇ ಕೈಬಿಟ್ಟರು. ಜೊತೆಗಿರುವುದು ಬಾಸ್ ಮತ್ತು ಡ್ರಮ್ಸ್ ಮಾತ್ರ.

1942ರ ಸಿನಿಮಾವೊಂದರಲ್ಲಿ ಬಂದ 'ಐಲ್ ರಿಮೆಂಬರ್ ಏಪ್ರಿಲ್', ಜಾನಿ ಕ್ಯಾಶ್ ಹಾಡಿದ 'ರಿಂಗ್ ಆಫ್ ಫೈರ್', ಸ್ಟೀವಿ ವಂಡರ್ ಅವರ 'ಓವರ್‌ಜಾಯ್ಡ್' ಇಲ್ಲಿವೆ. ರಾಗದ ಗುರುತು ಕಳೆಯದೆ, ಕರ್ನಾಟಕ ಸಂಗೀತದ ನೆರವಲ್‌ನಂತೆ ಸಾಲು ಬೆಳೆಯುತ್ತದೆ. ನುಡಿಸದ ಸ್ವರಮೇಳವನ್ನು ಕೇಳುಗನ ಕಿವಿಯೇ ತುಂಬಿಕೊಳ್ಳುತ್ತದೆ.

2008ರ 'ಕಿನ್ಸ್‌ಮೆನ್' ಆಲ್ಬಮ್‌ನಲ್ಲಿ ಕರ್ನಾಟಕ ಸಂಗೀತದ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರೊಂದಿಗೆ ನುಡಿಸಿದವರೂ ಮಹಾಂತಪ್ಪ ಅವರೇ. ಕದ್ರಿಯವರ ಕಛೇರಿಗೆ ತಲೆದೂಗಿದ ಬೆಂಗಳೂರಿನ ರಾಜಾಜಿನಗರ, ವಿಜಯನಗರದ ರಸಿಕರೇ, ಮೊದಲು ಮೂಲ ಹಾಡು ಕೇಳಿ, ಆಮೇಲೆ 'ಹೀರೋ ಟ್ರಿಯೋ' ಕೇಳಿ.