ತಾಳಮದ್ದಳೆಯನ್ನು ಕೇಳುವ ಬಗೆ: ವಾಮಂಜೂರಿಗೆ ಓದಬಂದವರಿಗೊಂದು ಕೈಪಿಡಿ

ಮಂಗಳೂರಿನಿಂದ ಮೂಡುಬಿದಿರೆಯತ್ತ ಸಾಗುವ ಹೆದ್ದಾರಿಯಲ್ಲಿ ಕುಲಶೇಖರವನ್ನು ಹಿಂದಿಕ್ಕಿ, ಗುರುಪುರದ ಹೊಳೆಯನ್ನು ಮುಟ್ಟುವುದಕ್ಕೆ ಮುನ್ನ ಎದುರಾಗುವ ವಾಮಂಜೂರು, ೨೦೦೨ರಲ್ಲಿ ಅಲ್ಲಿ ಸಂತ ಜೋಸೆಫ್ ಎಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದಂದಿನಿಂದ, ದೂರದೂರದ ಊರುಗಳ ತರುಣ ತರುಣಿಯರು ನಾಲ್ಕು ವರ್ಷ ತಂಗಿ ವಿದ್ಯಾರ್ಜನೆ ಮಾಡಿ ತೆರಳುವ ಎಡೆಯಾಗಿ ಪರಿಣಮಿಸಿದೆ. ತರಗತಿ, ಪ್ರಯೋಗಶಾಲೆ, ಪರೀಕ್ಷೆಗಳ ನಡುವೆ ಅವರಿಗೆ ದೊರೆಯುವ ಬಿಡುವನ್ನು ತುಂಬಲು ಕ್ರಿಕೆಟ್ ಉಂಟು, ಸಿನಿಮಾ ಉಂಟು, ಕೈಯಲ್ಲಿನ ಮೊಬೈಲು ಉಂಟು. ತೀರ ಸಮೀಪದಲ್ಲಿ ಪಿಲಿಕುಳದ ನಿಸರ್ಗಧಾಮವೂ ಉಂಟು. ಇವುಗಳಲ್ಲಿ ಸಂತೋಷಪಡುವುದಕ್ಕೆ ಯಾರ ಉಪದೇಶವೂ ಬೇಕಾಗಿಲ್ಲ. ಆದರೆ ಈ ಪ್ರಾಂತದಲ್ಲಿ, ನೋಡುವವರಿಗೆ ಏನೂ ಇಲ್ಲವೆಂಬಂತೆ ತೋರಿ, ಕೇಳಬಲ್ಲವರಿಗೆ ಸರ್ವಸ್ವವನ್ನೂ ಕೊಡುವ ಒಂದು ಕಲೆಯಿದೆ. ದಾವಣಗೆರೆಯಿಂದಲೋ ವಿಜಯಪುರದಿಂದಲೋ ಬಂದ ವಿದ್ಯಾರ್ಥಿ ಅದರ ಹೊಸ್ತಿಲವರೆಗೆ ಬಂದು, ನಾಲ್ಕು ಜನ ಕುಳಿತು ಏನನ್ನೋ ಚರ್ಚಿಸುತ್ತಿದ್ದಾರೆಂದು ಭಾವಿಸಿ ಹಿಂದಿರುಗಿಬಿಡುವುದು ತೀರ ಸಂಭವನೀಯವಾದುದರಿಂದ, ಕೈಪಿಡಿಯೊಂದು ಬೇಕಾದದ್ದು ತಾಳಮದ್ದಳೆಗೆ.

ಕರಾವಳಿಯಲ್ಲಿ ಯಕ್ಷಗಾನದ ಮೇಳಗಳು ಕಾರ್ತಿಕದ ಸುಮಾರಿಗೆ ಗೆಜ್ಜೆ ಕಟ್ಟಿ ಹೊರಟು, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಎಂದರೆ ಮೇ ತಿಂಗಳ ೨೪ರ ಆಸುಪಾಸಿನಲ್ಲಿ, ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅದರ ತರುವಾಯ ಬಯಲಿನಲ್ಲಿ ರಂಗಸ್ಥಳವನ್ನು ನಿಲ್ಲಿಸಲು ಮಳೆ ಎಡೆಗೊಡುವುದಿಲ್ಲ. ಆಗ ಅದೇ ಪ್ರಸಂಗ, ಅದೇ ಪದ, ಅದೇ ಚೆಂಡೆ ಮದ್ದಳೆಗಳು ಚಾವಡಿಗಳಿಗೂ ದೇವಸ್ಥಾನದ ಸಭಾಂಗಣಗಳಿಗೂ ಬರುತ್ತವೆ. ಕಿರೀಟ, ಬಣ್ಣ, ಕುಣಿತಗಳು ಮಾತ್ರ ಪೆಟ್ಟಿಗೆಯೊಳಗೆ ಉಳಿಯುತ್ತವೆ. ಈಗ ವರ್ಷದ ಎಲ್ಲ ಕಾಲದಲ್ಲಿಯೂ ಕೂಟಗಳು ಜರಗುತ್ತವೆಂಬುದು ನಿಜವಾದರೂ, ತುಳುವರ ಆಟಿ ತಿಂಗಳ ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ ಒಳಗೆ ಕುಳಿತು ಕೇಳುವ ತಾಳಮದ್ದಳೆಗೆ ಪ್ರತ್ಯೇಕವಾದ ಸೊಗಸಿದೆಯೆಂದು ನಾನು ನಂಬುತ್ತೇನೆ.

ಹೋದೊಡನೆ ಕಾಣುವುದು ಇಷ್ಟು: ನಡುವೆ ಭಾಗವತರು, ಅವರ ಪಕ್ಕದಲ್ಲಿ ಮದ್ದಳೆ ಮತ್ತು ಚೆಂಡೆಯವರು, ಇವರು ಹಿಮ್ಮೇಳ. ಪಂಚೆಯುಟ್ಟು ಶಲ್ಯ ಹೊದೆದು ಎದುರೆದುರಾಗಿ ಕುಳಿತವರು ಅರ್ಥಧಾರಿಗಳು, ಇವರು ಮುಮ್ಮೇಳ. ಹಿಂದೆ ಜಮಖಾನದ ಮೇಲೆ ಕುಳಿತು ರಾತ್ರಿಯಿಡೀ ನಡೆಯುತ್ತಿದ್ದುದು ಇಂದು ಬಹುಮಟ್ಟಿಗೆ ಕುರ್ಚಿ ಮೈಕುಗಳ ಮುಂದೆ ಸಂಜೆಯ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಗಣಪತಿಯ ಸ್ತುತಿಯಾದ ಮೇಲೆ ಭಾಗವತರು ಒಂದು ಪದವನ್ನು ಹಾಡುತ್ತಾರೆ. ಅದು ನಿಂತೊಡನೆ, ಆ ಪದ ಯಾವ ಪಾತ್ರಕ್ಕೆ ಸೇರಿದುದೋ ಆ ಪಾತ್ರವನ್ನು ವಹಿಸಿದವರು ಮಾತನಾಡತೊಡಗುತ್ತಾರೆ. ಈ ಮಾತಿಗೇ ಅರ್ಥವೆಂದು ಹೆಸರು. ಅದನ್ನು ಯಾರೂ ಬರೆದುಕೊಟ್ಟಿಲ್ಲ, ಯಾರೂ ಕಂಠಪಾಠ ಮಾಡಿ ತಂದಿಲ್ಲ. ಎದುರಿಗೆ ಕುಳಿತವರು ಏನು ಹೇಳುವರೆಂಬುದು ಹೇಳುವವರೆಗೆ ಇವರಿಗೆ ತಿಳಿಯದು. ಪದ ಮಾತ್ರ ಶತಮಾನಗಳ ಹಿಂದೆ ಯಾವನೋ ಕವಿ ಕಟ್ಟಿ ಸ್ಥಿರಪಡಿಸಿಟ್ಟುದು.

ಹೊಸಬರು ಸಾಮಾನ್ಯವಾಗಿ ಪದವನ್ನು ಮಾತುಗಳ ನಡುವಣ ವಿರಾಮವೆಂದು ಎಣಿಸಿ, ಆ ಹೊತ್ತಿನಲ್ಲಿ ಪಕ್ಕದವರೊಡನೆ ಹರಟುತ್ತಾರೆ. ಈ ಕಲೆಯ ಸ್ವಾರಸ್ಯವೆಲ್ಲ ಕೈತಪ್ಪಿಹೋಗುವುದು ಅಲ್ಲಿಯೇ. ಅರ್ಥವೆಂಬುದು ಪದದ ಗೂಟಕ್ಕೆ ಕಟ್ಟಿದ ಹಸು. ಹಗ್ಗದ ಉದ್ದಕ್ಕೆ ಅದು ಸುತ್ತಲೂ ಮೇಯಬಹುದು, ಹಗ್ಗ ಎಷ್ಟು ಉದ್ದವೆಂಬುದು ಅರ್ಥಧಾರಿಯ ಪ್ರತಿಭೆಗೆ ಸೇರಿದ್ದು, ಆದರೆ ಗೂಟವೆಲ್ಲಿದೆಯೆಂದು ತಿಳಿಯದ ಕೇಳುಗನಿಗೆ ಅದು ದೂರ ಹೋದುದರ ಸಾಹಸವೂ ತಿಳಿಯದು, ಹಿಂದಿರುಗಿದುದರ ಚಾತುರ್ಯವೂ ತಿಳಿಯದು. ಪದದಲ್ಲಿ ನಾಲ್ಕೇ ಸಾಲುಗಳಿರುತ್ತವೆ. ಅದರೊಳಗಿನ ಒಂದು ಸಂಬೋಧನೆ, ಒಂದು ವಿಶೇಷಣ, ಒಂದು ಪ್ರಶ್ನೆ, ಇವುಗಳಲ್ಲಿ ಯಾವುದನ್ನು ಅರ್ಥಧಾರಿ ಹಿಡಿದು ಹಿಗ್ಗಿಸುವನು, ಯಾವುದನ್ನು ಉಪೇಕ್ಷಿಸುವನು, ಕೊನೆಗೆ ಯಾವ ಮಾತಿನಲ್ಲಿ ನಿಂತು ಮುಂದಿನ ಪದದ ಎತ್ತುಗಡೆಗೆ ಭಾಗವತರಿಗೆ ಅನುವು ಮಾಡಿಕೊಡುವನು, ಇದನ್ನು ಗಮನಿಸುತ್ತ ಕುಳಿತವನಿಗೆ ಗಂಟೆಗಳು ಸರಿದದ್ದು ಗೊತ್ತಾಗದು.

ಆದುದರಿಂದ ಮೊದಲ ಬಾರಿ ಹೋಗುವಾಗ ಪ್ರಸಂಗದ ಪುಸ್ತಕವನ್ನು ಮುಂಚಿತವಾಗಿ ಓದಿಕೊಳ್ಳುವುದು ಮೇಲು. ಉಡುಪಿಯ ಪಾವಂಜೆ ಗುರುರಾಯರ ಪ್ರಕಾಶನದಿಂದ ಹಿಂದೆ ಹೊರಟ ಚಿಕ್ಕ ಪುಸ್ತಕಗಳು ನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಇವೆ. ಪ್ರತಿಯೊಂದು ಪದದ ತಲೆಯ ಮೇಲೆ ರಾಗದ ಹೆಸರೂ ತಾಳದ ಹೆಸರೂ ಅಚ್ಚಾಗಿರುವುದರಿಂದ, ಝಂಪೆಯಾವುದು ತ್ರಿವುಡೆಯಾವುದು ಅಷ್ಟತಾಳವಾವುದು ಎಂಬುದನ್ನು ಕಿವಿ ಮೆಲ್ಲಮೆಲ್ಲನೆ ತಾನೇ ಕಲಿತುಕೊಳ್ಳುತ್ತದೆ. ಇದರೊಡನೆ ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಪಠ್ಯದಲ್ಲಿ ಕಂಡಷ್ಟಕ್ಕಿಂತ ಕೊಂಚ ಹೆಚ್ಚಾಗಿ ಪರಿಚಯಮಾಡಿಕೊಂಡಿದ್ದರೆ ಒಳ್ಳೆಯದು. ಕೃಷ್ಣಸಂಧಾನ, ಕರ್ಣಪರ್ವಗಳಂಥ ಭಾರತದ ಕಥೆಗಳಿಗೆ ಕುಮಾರವ್ಯಾಸನೂ, ಸುಧನ್ವ, ತಾಮ್ರಧ್ವಜರ ಕಥೆಗಳಿಗೆ ಲಕ್ಷ್ಮೀಶನೂ ಹಿನ್ನೆಲೆಯಾಗಿದ್ದಾರೆ. ರಾಮಾಯಣದ ಪ್ರಸಂಗಗಳೆಂದರೆ ಕುಂಬಳೆಯ ಪಾರ್ತಿಸುಬ್ಬನ ಹೆಸರೇ ಮೊದಲು ನಾಲಿಗೆಗೆ ಬರುತ್ತದೆ.

ಕಲಿಯುವುದಕ್ಕೆ ಯಾವ ಪ್ರಸಂಗ ಒಳ್ಳೆಯದೆಂದು ಯಾರಾದರೂ ಕೇಳಿದರೆ, ವಾಲಿಯ ಕಥೆಯನ್ನು ಹುಡುಕಿಕೊಂಡು ಹೋಗಿರಿ ಎಂದು ನಾನು ಹೇಳುತ್ತೇನೆ. ಮರೆಯಲ್ಲಿ ನಿಂತ ರಾಮನ ಬಾಣ ತಗುಲಿ ವಾಲಿ ನೆಲಕ್ಕುರುಳಿದ್ದಾನೆ. ಅವನು ಎದ್ದು ಹೋರಾಡುವಂತಿಲ್ಲ. ಅವನಿಗೆ ಉಳಿದಿರುವುದು ಮಾತೊಂದೇ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ವಾಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾದುವಲ್ಲ. ಬೇರೊಬ್ಬನೊಡನೆ ಕಾದುತ್ತಿದ್ದವನನ್ನು ಕಾಣದಂತೆ ನಿಂತು ಹೊಡೆದುದು ಯಾವ ಕ್ಷತ್ರಿಯಧರ್ಮ? ನನ್ನ ಚರ್ಮವನ್ನು ಸಜ್ಜನರು ಧರಿಸುವಂತಿಲ್ಲ, ನನ್ನ ಮಾಂಸ ನಿಮ್ಮಂಥವರಿಗೆ ಭಕ್ಷ್ಯವಲ್ಲ, ಹೀಗಿರುವಾಗ ಕೊಂದು ಪಡೆದುದೇನು? ಸೀತೆಗಾಗಿಯೇ ಇದೆಲ್ಲವಾದರೆ, ಮೊದಲೇ ನನ್ನ ಬಳಿಗೆ ಬಂದಿದ್ದರೆ ಒಂದೇ ದಿನದಲ್ಲಿ ಅವಳನ್ನು ತಂದೊಪ್ಪಿಸುತ್ತಿರಲಿಲ್ಲವೆ? ಇದಕ್ಕೆ ರಾಮನ ಉತ್ತರವೂ ಅಷ್ಟೇ ತೂಕದ್ದು: ಈ ಭೂಮಿ ಇಕ್ಷ್ವಾಕುಗಳದು, ಭರತನ ಆಜ್ಞೆಯಿಂದ ಧರ್ಮವನ್ನು ಕಾಯುತ್ತಿದ್ದೇವೆ, ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇರಿಸಿಕೊಂಡವನು ದಂಡಾರ್ಹ, ಅದೂ ಅಲ್ಲದೆ ನೀನು ಶಾಖಾಮೃಗ, ಮೃಗವನ್ನು ಅಡಗಿ ಹೊಡೆದರೂ ಬೇಟೆಗಾರನಿಗೆ ದೋಷವಿಲ್ಲ.

ಇಲ್ಲಿ ಕಿವಿಯನ್ನು ಚುರುಕಾಗಿಸಿಕೊಳ್ಳಬೇಕು. ಸಮರ್ಥನಾದ ವಾಲಿ ಈ ಉತ್ತರದ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿಬಿಡುತ್ತಾನೆ: ನಾನು ಮೃಗವೆಂದಾದರೆ ರುಮೆಯ ವಿಷಯದ ಧರ್ಮ ನನಗೆ ಅನ್ವಯಿಸದು, ಆ ಧರ್ಮ ನನಗೆ ಅನ್ವಯಿಸುವುದಾದರೆ ಬೇಟೆಯ ನ್ಯಾಯ ನಿನಗೆ ಸಲ್ಲದು. ಈಗ ರಾಮನ ಅರ್ಥಧಾರಿ ಏನು ಮಾಡುವನು? ವಾದದ ಜಾಣ್ಮೆಯಿಂದ ಬಿಡಿಸಿಕೊಳ್ಳುವನೋ, ರಾಜದಂಡದ ಗಾಂಭೀರ್ಯಕ್ಕೆ ಏರುವನೋ, ಸುಗ್ರೀವನಿಗಿತ್ತ ವಚನವನ್ನು ಮುಂದೊಡ್ಡುವನೋ, ಅಥವಾ ವಾಲಿಯ ಅಂತರಂಗವನ್ನೇ ತಟ್ಟುವ ಒಂದು ಮಾತಿನಿಂದ ವಾದದ ನೆಲೆಯನ್ನೇ ಬದಲಿಸಿಬಿಡುವನೋ, ಮುಂಗಾಣುವಂತಿಲ್ಲ. ಆದರೆ ಪ್ರಸಂಗದ ಮುಂದಿನ ಪದ ಅಚ್ಚಾಗಿ ಕುಳಿತಿದೆ; ವಾಲಿ ಅಂತ್ಯದಲ್ಲಿ ಕೈಮುಗಿಯಲೇಬೇಕು, ಅಂಗದನನ್ನು ಒಪ್ಪಿಸಲೇಬೇಕು. ಕಥೆಯ ಫಲಿತಾಂಶ ಎಲ್ಲರಿಗೂ ಗೊತ್ತು, ಅಲ್ಲಿಗೆ ಹೋಗುವ ದಾರಿ ಮಾತ್ರ ಯಾರಿಗೂ ಗೊತ್ತಿಲ್ಲ. ವಾಲಿ ತನ್ನ ಆಕ್ಷೇಪಗಳನ್ನು ಎಷ್ಟು ಎತ್ತರಕ್ಕೆ ಒಯ್ದಿರುವನೋ ಅಲ್ಲಿಂದ ಶರಣಾಗತಿಗೆ ಇಳಿಯುವುದು ಅಷ್ಟೇ ಕಠಿಣ. ಸೋತವನಂತೆ ಇಳಿದರೆ ಪಾತ್ರ ಕುಗ್ಗುತ್ತದೆ, ಇಳಿಯದೆ ನಿಂತರೆ ಪ್ರಸಂಗ ಕೆಡುತ್ತದೆ. ಆ ಇಳಿತವನ್ನು ಸಹಜವೆನ್ನಿಸುವಂತೆ, ಅರಿವು ಮೂಡಿತೆನ್ನಿಸುವಂತೆ ಸಾಧಿಸುವ ಅರ್ಥಧಾರಿಯ ಮುಂದೆ ಕುಳಿತಾಗ ಆಗುವ ಆನಂದವನ್ನು ನಾನು ಬೇರೆ ಯಾವ ಕಲೆಯಲ್ಲಿಯೂ ಇದೇ ಬಗೆಯಾಗಿ ಕಂಡಿಲ್ಲ.

ಹೀಗೆ ಕೇಳುತ್ತ ಹೋದಂತೆ, ಮಾತಿನಷ್ಟೇ ಮುಖ್ಯವಾದುದು ಆಲಿಸುವಿಕೆಯೆಂಬುದು ಮನವರಿಕೆಯಾಗುತ್ತದೆ. ಇದಿರಿನ ಅರ್ಥಧಾರಿ ಮಾತನಾಡುತ್ತಿರುವಾಗ ಸುಮ್ಮನೆ ಕುಳಿತವರನ್ನು ನೋಡಿರಿ: ಕೆಲವರು ತಮ್ಮ ಮುಂದಿನ ಮಾತನ್ನು ಹೊಂಚುತ್ತಿರುತ್ತಾರೆ, ಕೆಲವರು ಕೇಳುತ್ತಿರುತ್ತಾರೆ. ಕೇಳುವವರ ಉತ್ತರದಲ್ಲಿ ಇದಿರಿನವರ ಮಾತು ಹೊಸ ಅರ್ಥ ತಳೆದು ಹಿಂದಿರುಗುತ್ತದೆ. ಹೊಂಚುವವರ ಉತ್ತರ ಭಾಷಣವಾಗುತ್ತದೆ. ಪಾತ್ರ ಪ್ರವೇಶಿಸಿದಾಗ ತನ್ನ ಪೂರ್ವವೃತ್ತ, ಮನಃಸ್ಥಿತಿಗಳನ್ನು ನಿರೂಪಿಸುವ ಪೀಠಿಕೆಯಲ್ಲಿ ವಿದ್ವತ್ತು ಬೆಳಗುತ್ತದೆ, ನಿಜ. ಆದರೆ ಅರ್ಥಧಾರಿಯ ಸತ್ವ ತಿಳಿಯುವುದು ಸಂವಾದದಲ್ಲಿ. ಪೀಠಿಕೆಯನ್ನು ಅಪರಿಮಿತವಾಗಿ ಲಂಬಿಸುವುದೂ, ಸಹಕಲಾವಿದನನ್ನು ಸಿಕ್ಕಿಸುವುದಕ್ಕೆಂದೇ ಪ್ರಸಂಗಕ್ಕೆ ಸಂಬಂಧಿಸದ ಪುರಾಣದ ಕೊಕ್ಕೆಗಳನ್ನು ಹಾಕುವುದೂ ನನಗೆ ಸೇರುವುದಿಲ್ಲ. ಸಭೆ ಚಪ್ಪಾಳೆಯಿಕ್ಕಿತೆಂಬ ಮಾತ್ರಕ್ಕೆ ಅದು ಒಳ್ಳೆಯ ಅರ್ಥವಾಗದು. ಕರ್ಣನ ಬಾಯಲ್ಲಿ ಕರ್ಣ ಆಡಬಹುದಾದ ಮಾತು ಬಂದಿತೇ ಎಂದು ಕೇಳಿಕೊಳ್ಳಬೇಕು.

ಕರ್ಣನ ಹೆಸರು ಬಂದುದರಿಂದ ಮತ್ತೊಂದು ಸಂಗತಿ. ಸರ್ಪಾಸ್ತ್ರವನ್ನು ಕೊರಳಿಗೆ ಗುರಿಯಿಟ್ಟ ಕರ್ಣನಿಗೆ, ಎದೆಗೆ ಗುರಿಯಿಡೆಂದು ಸಾರಥಿಯಾದ ಶಲ್ಯ ಹೇಳುತ್ತಾನೆ, ಕರ್ಣ ಒಪ್ಪುವುದಿಲ್ಲ. ಪುಸ್ತಕದಲ್ಲಿ ಇದು ಕ್ಷಣದ ಘಟನೆ. ಕೂಟದಲ್ಲಿ ಇದೇ ಒಂದು ದೀರ್ಘ ಸಂವಾದವಾಗಿ ಬೆಳೆದು, ಶಲ್ಯ ಹಿತವನ್ನು ಹೇಳಿದನೋ ಚುಚ್ಚಿದನೋ, ಕರ್ಣ ವೀರವ್ರತದಿಂದ ನಿರಾಕರಿಸಿದನೋ, ಕುಂತಿಗಿತ್ತ ಮಾತು ಒಳಗಿನಿಂದ ತಡೆಯಿತೋ ಎಂಬ ಸೂಕ್ಷ್ಮಗಳೆಲ್ಲ ಅರಳುತ್ತವೆ. ಇಂಥ ಕಡೆ ಒಳ್ಳೆಯ ಅರ್ಥಧಾರಿ ಅರ್ಧವಾಕ್ಯದಲ್ಲಿ ನಿಲ್ಲಿಸಿಬಿಡುವುದುಂಟು. ಆ ಮೌನವನ್ನು ಅರಿತು ಭಾಗವತರು ಪದವನ್ನು ಎತ್ತಿಕೊಂಡರೆ, ಹಿಮ್ಮೇಳ ಮುಮ್ಮೇಳಗಳು ಏಕೀಭವಿಸಿದುವೆಂದು ತಿಳಿಯಬೇಕು.

ಭಾಷೆಯ ಕುರಿತು ಬೇರೆಯಾಗಿಯೇ ಹೇಳತಕ್ಕದ್ದಿದೆ. ಈ ಅರ್ಥಧಾರಿಗಳಲ್ಲಿ ಹೆಚ್ಚಿನವರ ಮನೆಮಾತು ತುಳುವೋ, ಕೊಂಕಣಿಯೋ, ಮಲೆಯಾಳವೋ, ಹವ್ಯಕ ಕನ್ನಡವೋ ಆಗಿರುತ್ತದೆ. ಕೂಟದಲ್ಲಿ ಅವರಾಡುವುದು ಗ್ರಂಥಸ್ಥವಾದ, ಆದರೂ ಬಾಯಲ್ಲಿ ಜೀವಂತವಾಗಿ ಹುಟ್ಟುವ ಕನ್ನಡ. ಗಂಟೆಗಟ್ಟಲೆ ಆಶುವಾಗಿ ಮಾತನಾಡುವಾಗಲೂ ಇಂಗ್ಲಿಷಿನ ಪದ ನುಸುಳಬಾರದೆಂಬ ಶಿಸ್ತನ್ನು ಅವರು ವ್ರತದಂತೆ ಪಾಲಿಸುತ್ತಾರೆ. ದಿನವಿಡೀ ಇಂಗ್ಲಿಷಿನಲ್ಲಿ ಯಂತ್ರಶಾಸ್ತ್ರವನ್ನೋ ಗಣಕವಿಜ್ಞಾನವನ್ನೋ ಓದಿದ ವಿದ್ಯಾರ್ಥಿಗೆ, ತನ್ನ ನುಡಿಯಲ್ಲಿಯೇ ಸೂಕ್ಷ್ಮತಮವಾದ ತರ್ಕವನ್ನು ಕಟ್ಟಬಹುದೆಂಬುದು ಇಲ್ಲಿ ಕಿವಿಯಾರೆ ತಿಳಿಯುತ್ತದೆ. ತುಳುವಿನಲ್ಲಿಯೂ ಕೂಟಗಳಾಗುತ್ತವೆ, ತುಳು ಬಲ್ಲ ಸಹಪಾಠಿಯೊಬ್ಬರು ಪಕ್ಕದಲ್ಲಿದ್ದರೆ ಅವನ್ನೂ ಬಿಡಬೇಡಿ.

ಹಿರಿಯರ ಕೆಲವು ಹೆಸರುಗಳನ್ನು ತಿಳಿದಿರಬೇಕು. ವಾಮಂಜೂರಿನಿಂದ ಕೈಕಂಬದ ದಾರಿಯಾಗಿ ಬೇಗನೆ ತಲಪಬಹುದಾದ ಪೊಳಲಿಯ ಹೆಸರನ್ನು ಹೊತ್ತ ಶಂಕರನಾರಾಯಣ ಶಾಸ್ತ್ರಿಗಳು ಹಳೆಯ ತಲೆಮಾರಿನ ಘನ ಅರ್ಥಧಾರಿಗಳು. ಮಲ್ಪೆಯ ಸಾಮಗ ಸಹೋದರರು, ಶಂಕರನಾರಾಯಣ ಸಾಮಗರು ಮತ್ತು ರಾಮದಾಸ ಸಾಮಗರು, ವಾಗ್ವೈಭವಕ್ಕೆ ಹೆಸರಾದವರು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿ, ರಾವಣ, ಮಾಗಧರಂಥ ಪಾತ್ರಗಳ ಪಕ್ಷವನ್ನು ವಹಿಸಿ ಮಾತನಾಡಿದಾಗ, ಅವರಿಗೂ ಹೇಳುವುದಕ್ಕೆ ಇಷ್ಟೊಂದು ಇತ್ತೇ ಎಂದು ಸಭೆ ಬೆರಗಾಗುತ್ತಿತ್ತು. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರದು (೧೯೧೪–೧೯೮೪) ಬೇರೊಂದೇ ದಾರಿ. ಸಣ್ಣ ವಾಕ್ಯ, ತಗ್ಗಿದ ದನಿ, ಮನಸ್ಸಿನ ಒಳಮಡಿಕೆಗಳ ಶೋಧ. ನನ್ನ ಒಲವು ದೇರಾಜೆಯವರ ಕಡೆಗೇ ಎಂಬುದನ್ನು ಮರೆಮಾಚುವುದಿಲ್ಲ. ಪ್ರಾಸಬದ್ಧವಾದ ನುಡಿಯ ಓಟಕ್ಕೆ ಪ್ರಸಿದ್ಧರಾದ ಕುಂಬಳೆ ಸುಂದರ ರಾಯರು (೧೯೩೪–೨೦೨೨) ೧೯೯೪ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೂ ಆಯ್ಕೆಯಾದರು. ಇಂದಿನವರಲ್ಲಿ ಪ್ರಭಾಕರ ಜೋಶಿ, ಜಬ್ಬಾರ್ ಸಮೋ ಮೊದಲಾದವರ ಹೆಸರು ಕರಪತ್ರದಲ್ಲಿ ಕಂಡರೆ, ಆ ದಿನದ ಬಿಡುವನ್ನು ಬೇರೆ ಕೆಲಸಕ್ಕೆ ಕೊಡಬೇಡಿ. ಭಾಗವತಿಕೆಯಲ್ಲಿ ಬಲಿಪ ನಾರಾಯಣ ಭಾಗವತರ (೧೯೩೮–೨೦೨೩) ಧ್ವನಿಮುದ್ರಣಗಳನ್ನು ಕೇಳಿದ ಕಿವಿಗೆ ಪದದ ಗತ್ತು ಎಂದರೇನೆಂಬುದು ಸುಲಭವಾಗಿ ಗೋಚರಿಸುತ್ತದೆ. ಮೊಬೈಲಿನಲ್ಲಿ ಇವರಲ್ಲಿ ಅನೇಕರ ಕೂಟಗಳು ದೊರೆಯುತ್ತವೆಯಾದರೂ, ಅದು ಅಭ್ಯಾಸಕ್ಕೆ ಸಾಕು, ಅನುಭವಕ್ಕೆ ಸಾಲದು. ಕೇಳುಗರ ಮುಖವನ್ನು ನೋಡುತ್ತ ಹುಟ್ಟುವ ಮಾತನ್ನು ಆ ಕೇಳುಗರ ನಡುವೆ ಕುಳಿತೇ ಸವಿಯಬೇಕು.

ಎಲ್ಲಿ ಯಾವಾಗ ನಡೆಯುತ್ತದೆಂದು ತಿಳಿಯಲು ದೇವಸ್ಥಾನಗಳ ಫಲಕಗಳನ್ನೂ, ಸ್ಥಳೀಯ ಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ದ ಅಂಕಣವನ್ನೂ ನೋಡುತ್ತಿರಬೇಕು. ನವೆಂಬರ್ ತಿಂಗಳಲ್ಲಿ ಮಂಗಳೂರಿನಲ್ಲಿ ‘ಯಕ್ಷಾಂಗಣ’ ಸಂಸ್ಥೆಯವರು ನಡೆಸಿಕೊಂಡು ಬಂದಿರುವ ತಾಳಮದ್ದಳೆ ಸಪ್ತಾಹ, ಒಂದೇ ವಾರದಲ್ಲಿ ಹಲವು ಅರ್ಥಧಾರಿಗಳನ್ನು ಹೋಲಿಸಿ ಕೇಳುವ ಅವಕಾಶವನ್ನು ಒದಗಿಸುತ್ತದೆ. ಬಹುಪಾಲು ಕೂಟಗಳಿಗೆ ಟಿಕೆಟ್ಟಿಲ್ಲ. ಹೊಸಬರೆಂದು ಯಾರೂ ತಡೆಯುವುದಿಲ್ಲ, ಬದಲಾಗಿ ಎಳೆಯ ಮುಖ ಕಂಡರೆ ಹಿರಿಯರು ಮುಂದೆ ಬಂದು ಕುಳಿತುಕೊಳ್ಳಿರೆಂದು ಕರೆಯುತ್ತಾರೆ. ಮುಂದೆಯೇ ಕುಳಿತುಕೊಳ್ಳಿ. ಮೊದಲ ಪದದಿಂದ ಮಂಗಳದವರೆಗೆ ಇರಿ. ಅರ್ಧದಲ್ಲಿ ಬಂದವನಿಗೆ ವಾದದ ಬೇರು ಸಿಕ್ಕುವುದಿಲ್ಲ. ಹಿಂದಿರುಗುವ ಬಸ್ಸಿನ ವೇಳೆಯನ್ನೂ ಹಾಸ್ಟೆಲಿನ ಬಾಗಿಲು ಮುಚ್ಚುವ ವೇಳೆಯನ್ನೂ ಮೊದಲೇ ವಿಚಾರಿಸಿಕೊಂಡು, ಸಾಧ್ಯವಾದರೆ ಗೆಳೆಯರಿಬ್ಬರನ್ನು ಜತೆಗೆ ಕರೆದೊಯ್ದು, ಬರುವ ದಾರಿಯಲ್ಲಿ ರಾಮನ ಪಕ್ಷವನ್ನು ಒಬ್ಬರೂ ವಾಲಿಯ ಪಕ್ಷವನ್ನು ಒಬ್ಬರೂ ಹಿಡಿದು ಮಾತನಾಡಿ ನೋಡಿರಿ. ಅದೇ ಪ್ರಸಂಗ ಬೇರೆ ಅರ್ಥಧಾರಿಗಳಿಂದ ಮತ್ತೊಮ್ಮೆ ನಡೆಯುವ ಸುದ್ದಿ ಬಂದಾಗ, ಕೇಳಿದ ಕಥೆಯೆಂದು ಬಿಡದೆ, ಹಿಂದಿನ ವಾಲಿ ಎಲ್ಲಿ ನಿಂತಿದ್ದನೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಹೋಗಿರಿ.