ಗಾರೆಯ ಸಂದು: ಹಾವಸೆಯ ರಸಿಕರಿಗೊಂದು ಕೈಪಿಡಿ

ಹಿಮವದ್ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ಅರೆಗಳಿಗೆ ನಿಂತು, ಇಳಿದು ಬರುವಾಗ ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳಲ್ಲಿ ಚಿತ್ರ ತೆಗೆಸಿಕೊಂಡು, ಪ್ರಕೃತಿಯ ಸೊಬಗನ್ನೆಲ್ಲ ಸೂರೆಗೊಂಡೆವೆಂಬ ತೃಪ್ತಿಯಿಂದ ಊರಿಗೆ ಮರಳುವ ಮಹನೀಯರಿಗಾಗಿ ಈ ಬರಹವಲ್ಲ. ಹಾವಸೆಯನ್ನು ನೋಡಬೇಕೆಂಬ ಹಂಬಲ ನಿಜವಾಗಿ ಹುಟ್ಟಿದವರಿಗೆ ನಾನು ಹೇಳುವ ಮೊದಲ ಮಾತು ವಿಪರೀತವೆನಿಸೀತು: ಬೆಟ್ಟ ಹತ್ತಬೇಡಿ, ಬಯಲಿನಲ್ಲಿಯೇ ನಿಲ್ಲಿ.

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಮಂಜು, ನೆರಳುಗಳ ಔದಾರ್ಯದಿಂದ ಮರ, ಮಣ್ಣು, ಬಂಡೆಯೆಂಬ ಭೇದವಿಲ್ಲದೆ ಹಸಿರು ಹಬ್ಬುವುದರಿಂದ, ಅಡಿಯ ಚಾರ್ನೊಕೈಟ್ ಶಿಲೆ ಏನು ನುಡಿಯುತ್ತಿದೆಯೆಂಬುದು ಹೊಸಬರಿಗೆ ಕೇಳಿಸುವುದೇ ಇಲ್ಲ. (ಥಾಮಸ್ ಹಾಲೆಂಡನು 1900ರ ಪ್ರಬಂಧದಲ್ಲಿ ವಿಸ್ತಾರವಾಗಿ ವರ್ಣಿಸಿದ ಈ ಶಿಲೆಗೆ ಹೆಸರು ಬಂದುದು ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕನ ಗೋರಿಕಲ್ಲಿನಿಂದ, ಬೆಟ್ಟದ ರಂಗನಾಥನಿಗೆ ಇದು ತಿಳಿದಿದೆಯೋ ಇಲ್ಲವೋ!) ಮಳೆನೆರಳಿನ ಗುಂಡ್ಲುಪೇಟೆ, ಚಾಮರಾಜನಗರಗಳ ಬಯಲಿನಲ್ಲಾದರೋ ನೀರು ಮಿತವಾದುದರಿಂದ ಕಲ್ಲಿನ ಮಾತೇ ಮೇಲು.

ಆ ಮಾತಿನ ಸಾರವೆಲ್ಲ ಸುಣ್ಣದಲ್ಲಿದೆ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆಯೂ ಅದರೊಳಗಿನ ಆಂಫಿಬೊಲೈಟ್ ಪಟ್ಟೆಗಳೂ ಶಿಥಿಲವಾದಂತೆ ಹೊರಬೀಳುವ ಕ್ಯಾಲ್ಸಿಯಂ ಅಂಶವನ್ನು ಮಲೆನಾಡಿನ ಮಳೆಯಾಗಿದ್ದರೆ ಹೊಳೆಗೆ ಒಯ್ದುಬಿಡುತ್ತಿತ್ತು. ಇಲ್ಲಿ ಅದು ಎರೆಮಣ್ಣಿನಡಿಯಲ್ಲಿ ಸುಣ್ಣಕಲ್ಲಿನ ಗಂಟುಗಳಾಗಿ ಉಳಿಯುತ್ತದೆ. ಬಂಡೀಪುರದ ಮೂಲೆಹೊಳೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚ್ ವಿಜ್ಞಾನಿಗಳೂ ಶಿಲೆ ಸವೆಯುವ ಈ ಬಗೆಯನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಅಂಥ ಸುಣ್ಣಕಲ್ಲನ್ನೇ ಸುಟ್ಟು ಅರೆದು ಹಿಂದಿನವರು ಗೋಡೆಯ ಸಂದಿಗೆ ಗಾರೆ ತುಂಬಿದರು. ಸುಣ್ಣವನ್ನು ಮೆಚ್ಚುವ ಹಯೋಫಿಲ ಇನ್ವೊಲ್ಯೂಟವೆಂಬ ಹಾವಸೆ ಆ ಸಂದನ್ನು ಹುಡುಕಿ ಬಂದು ನೆಲಸಿತು.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಯೌವನದಲ್ಲಿ ತೆರಕಣಾಂಬಿಯ ಹಳೆಯ ಗೋಡೆಯೊಂದರ ಬಳಿ ಸ್ವಾತಿ ಮಳೆಗೆ ಸಿಕ್ಕಿ ನಿಂತಿದ್ದಾಗ, ಅದುವರೆಗೆ ಬರಿಯ ಕಂದು ಕೊಳೆಯೆನಿಸಿದ್ದುದು, ಹುರಿದ ಕರಿಬೇವಿನಂತೆ ಮುದುಡಿದ್ದ ಎಲೆಗಳನ್ನು ಒಂದೆರಡು ನಿಮಿಷಗಳಲ್ಲಿ ಬಿಚ್ಚಿ ಹಸಿರಾಯಿತು; ಆ ಹಸಿರು ಕಲ್ಲಿನ ಮೈಯನ್ನು ಮುಟ್ಟದೆ, ಗಾರೆಯ ಗೆರೆಯನ್ನಷ್ಟೇ ಅನುಸರಿಸಿ, ಗೋಡೆಯ ಉದ್ದಕ್ಕೂ ನಡೆದಿತ್ತು. ಪಕ್ಕದಲ್ಲಿ ನಿಂತಿದ್ದ ಮುದುಕ ಗಾರೆ ಕೆಲಸದವನು, “ಕಲ್ಲು ಏನೂ ಕೊಡಾಕಿಲ್ಲ ಸ್ವಾಮಿ, ಸುಣ್ಣ ಕೊಡ್ತದೆ” ಎಂದ. ಅನಂತರದ ವರ್ಷಗಳಲ್ಲಿ ಎಷ್ಟೋ ಮಳೆಗಳನ್ನು ಕಂಡೆ. ಮುಂಗಾರಿನಲ್ಲಿ ಬಿಸಿಲು ಬೇಗನೆ ಇಣುಕಿ ಆಟವನ್ನು ಅರ್ಧದಲ್ಲಿಯೇ ಕೆಡಿಸುತ್ತದೆ, ಹಿಂಗಾರಿನ ಜಿಟಿಜಿಟಿಯಲ್ಲಿಯೇ ಅದು ಪೂರ್ಣವಾಗಿ ಕಳೆಗಟ್ಟುವುದು. ಅಂಗೈಯಿಂದ ನೀರು ಚಿಮುಕಿಸಿ ಎಲೆ ಬಿಚ್ಚಿಸುವ ಆತುರಗಾರರನ್ನು ನಾನು ರಸಿಕರೆನ್ನಲಾರೆ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯೊಂದಿರಲಿ. ಸಂಶಯ ಬಂದಲ್ಲಿ ಉದುರಿಬಿದ್ದ ಚೂರಿನ ಮೇಲೆ (ಗುಡಿಯ ಗೋಡೆಯ ಮೇಲಲ್ಲ!) ನಿಂಬೆರಸದ ಹನಿ ಬಿಡಿ; ನೊರೆಯೆದ್ದರೆ ಸುಣ್ಣವುಂಟು. ಕಾಡುಕಿಚ್ಚು ಹಾದ ನೆಲವನ್ನು ಮೆಚ್ಚುವ ಫ್ಯುನೇರಿಯವನ್ನೂ, ಮರದ ಬುಡದ ಬಿಳಿಚು ಮೆತ್ತೆಯ ಲ್ಯೂಕೊಬ್ರಿಯವನ್ನೂ ಆಮೇಲೆ ನೋಡಿಕೊಳ್ಳಬಹುದು. ಚಾಮರಾಜನಗರದ ಹೆಸರನ್ನು ಹೊರದೇಶಗಳಿಗೆ ಒಯ್ದ ಕರಿಕಲ್ಲಿಗೆ ಮೆರುಗು ಕೊಟ್ಟು ಮುಖ ನೋಡಿಕೊಳ್ಳುವವರ ಅಭಿರುಚಿಯ ವಿಷಯದಲ್ಲಿ ಮೌನವೇ ಲೇಸು.

ಜೀರ್ಣೋದ್ಧಾರವೆಂಬ ನೆವದಲ್ಲಿ ಹಾವಸೆಯನ್ನು ಕೆರೆದು, ಗಾರೆಯನ್ನು ಕಿತ್ತು, ಸಿಮೆಂಟು ಬಳಿಯುವ ಉತ್ಸಾಹಿಗಳು ಎಲ್ಲೆಡೆಯೂ ಇದ್ದಾರೆ. ಸಿಮೆಂಟಿನಲ್ಲಿಯೂ ಸುಣ್ಣವುಂಟೆಂಬುದನ್ನು ಅವರು ಅರಿಯರು. ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ಹಯೋಫಿಲ ಅಲ್ಲಿಗೂ ಬರುತ್ತದೆ. ಆದುದರಿಂದ ಹಳೆಯ ಗೋಡೆ ಸಿಗದವರು ಮನೆಯೆದುರಿನ ಮೋರಿಯ ಕಟ್ಟೆಯಿಂದಲೇ ಅಭ್ಯಾಸವನ್ನು ಆರಂಭಿಸಬಹುದು.