ಕಿಟ್ ಕ್ಯಾಟ್ ಕ್ಲಬ್ಬಿಗಿಂತ ಹತ್ತಿರದ ಬಾವನಖಣಿ

‘ಕ್ಯಾಬರೆ’ಯನ್ನು ಕನ್ನಡಕ್ಕೆ ತಂದು ಪುಣೆಯಲ್ಲಿ ಆಡಿಸೋಣ ಎಂಬ ಮಾತು ನಮ್ಮ ಗೆಳೆಯರ ಗುಂಪಿನಲ್ಲಿ ಎದ್ದಾಗ ನನ್ನ ತಕರಾರು ಇದ್ದದ್ದು ನಾಟಕದ ಬಗ್ಗೆ ಅಲ್ಲ, ಅದರ ವಿಳಾಸದ ಬಗ್ಗೆ. ಹಿಟ್ಲರ್ ಬರುವ ಹೊತ್ತಿನ ಬರ್ಲಿನ್, ಕಿಟ್ ಕ್ಯಾಟ್ ಕ್ಲಬ್ಬು, ರಾತ್ರಿಯಿಡೀ ಹಾಡು ಕುಣಿತ, ಹೊರಗೆ ಬೀದಿಯಲ್ಲಿ ಬೂಟಿನ ಸದ್ದು. ಇಷ್ಟನ್ನು ಕಾತ್ರಜದ ಫ್ಲ್ಯಾಟಿನಲ್ಲಿರುವ ಕನ್ನಡಿಗ ನೋಡಿ ‘ಪಾಪ, ಜರ್ಮನರು’ ಎಂದು ಪಾರ್ಕಿಂಗ್ ಕಡೆ ನಡೆದುಬಿಡಬಹುದು. ಹಾಗೆ ನಡೆದುಹೋಗಲು ಬಿಡದ, ಇದೇ ಜಾತಿಯ ಇನ್ನೊಂದು ಸಂಗೀತನಾಟಕ ಇದೇ ಊರಿನಲ್ಲಿ ಹುಟ್ಟಿದೆ.

‘ಕ್ಯಾಬರೆ’ ಮೊದಲು ಬ್ರಾಡ್‌ವೇ ಏರಿದ್ದು 1966ರ ನವೆಂಬರಿನಲ್ಲಿ. ಕ್ರಿಸ್ಟಫರ್ ಇಶರ್‌ವುಡ್‌ನ ಬರ್ಲಿನ್ ಕಥೆಗಳು ಮೂಲ. ಜಾನ್ ಕ್ಯಾಂಡರ್ ಸಂಗೀತ, ಫ್ರೆಡ್ ಎಬ್ ಹಾಡುಗಳು, ಹೆರಾಲ್ಡ್ ಪ್ರಿನ್ಸ್ ನಿರ್ದೇಶನ. ರಂಗದ ಮೇಲೆ ಒಂದು ದೊಡ್ಡ ಕನ್ನಡಿ ವಾಲಿಕೊಂಡಿತ್ತು, ಅದರಲ್ಲಿ ಪ್ರೇಕ್ಷಕರಿಗೆ ತಮ್ಮದೇ ಮುಖ. ಬಾಬ್ ಫಾಸಿ 1972ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಒಂದು ಜಾಣತನ ಮಾಡಿದ: ಒಂದನ್ನುಳಿದು ಎಲ್ಲ ಹಾಡುಗಳೂ ಕ್ಲಬ್ಬಿನ ಒಳಗೇ. ಹೊರಗಿನ ಆ ಒಂದೇ ಹಾಡು ಬಯಲಿನ ಬಿಯರ್ ತೋಟದಲ್ಲಿ. ಮುದ್ದು ಮುಖದ ಹುಡುಗ ಇಂಪಾಗಿ ಹಾಡುತ್ತಾನೆ, ಕ್ಯಾಮೆರಾ ಕೆಳಗಿಳಿದಾಗ ತೋಳಿನ ಮೇಲೆ ನಾಜಿ ಪಟ್ಟಿ. ಜನ ಒಬ್ಬೊಬ್ಬರಾಗಿ ಎದ್ದು ದನಿಗೂಡಿಸುತ್ತಾರೆ. ಒಬ್ಬ ಮುದುಕ ಮಾತ್ರ ಏಳುವುದಿಲ್ಲ.

ಅದೇ 1972ರ ಡಿಸೆಂಬರ್ 16ರಂದು ಪುಣೆಯ ಭರತ ನಾಟ್ಯ ಮಂದಿರದಲ್ಲಿ ವಿಜಯ್ ತೆಂಡೂಲ್ಕರರ ‘ಘಾಶೀರಾಮ್ ಕೊತವಾಲ್’ ಮೊದಲ ಪ್ರಯೋಗ ಕಂಡಿತು. ನಿರ್ದೇಶನ ಜಬ್ಬಾರ್ ಪಟೇಲ್, ಸಂಗೀತ ಭಾಸ್ಕರ ಚಂದಾವರ್ಕರ್, ನೃತ್ಯ ಸಂಯೋಜನೆ ಕೃಷ್ಣದೇವ ಮುಳಗುಂದ. (ಕೊನೆಯ ಎರಡು ಅಡ್ಡಹೆಸರು ಕೇಳಿದರೆ ನಮಗೆ ಊರುಗಳು ನೆನಪಾಗುತ್ತವೆ, ಇರಲಿ. ಚಂದಾವರ್ಕರ್ ಮುಂದೆ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಸಂಗೀತ ಕೊಟ್ಟವರು.) ಪೇಶ್ವೆ ಕಾಲದ ಪುಣೆ, ನಮ್ಮ ಕಾತ್ರಜದ ಕೆರೆಯ ನೀರು ನೆಲದೊಳಗಿನ ಕಾಲುವೆಯಲ್ಲಿ ಹರಿದು ಶನಿವಾರವಾಡೆ ಮುಟ್ಟುತ್ತಿದ್ದ ಕಾಲ. ಹಗಲು ಮಡಿ, ಪೂಜೆ. ಕತ್ತಲಾದ ಮೇಲೆ ಅದೇ ಗಂಡಸರು ಕೀರ್ತನೆಯ ನೆಪ ಹೇಳಿ ಬಾವನಖಣಿಯ ಕುಣಿಯುವ ಹೆಂಗಸರ ಮನೆಗೆ.

ಇಲ್ಲಿ ಒಳಗು ಹೊರಗು ಎಂಬ ಗೆರೆಯೇ ಇಲ್ಲ, ಫಾಸಿಯ ಉಪಾಯ ಇಲ್ಲಿ ನಡೆಯುವುದಿಲ್ಲ. ಸಾಲಾಗಿ ನಿಂತ ಹನ್ನೆರಡು ಮಂದಿ ಗಂಡಸರೇ ಪರದೆ, ಅವರೇ ಮೇಳ, ಅವರೇ ಊರು. ದೇವರ ಹೆಸರು ಹಾಡುತ್ತಿದ್ದ ಬಾಯಿ ಲಾವಣಿಗೆ ಹೊರಳುತ್ತದೆ, ತಾಳ ತಪ್ಪುವುದಿಲ್ಲ. ನೋಡುವ ನಮ್ಮ ಕಾಲೂ ತಾಳ ಹಾಕುತ್ತಿರುತ್ತದೆ. ಬೇಡದ ಯಾವುದನ್ನೋ ಮರೆಮಾಡಬೇಕಾದಾಗ ಆ ಸಾಲು ನಮಗೆ ಬೆನ್ನು ತಿರುಗಿಸಿ ಗೋಡೆಯಾಗಿಬಿಡುತ್ತದೆ. ಬರ್ಲಿನ್ನಿನ ಕನ್ನಡಿಗಿಂತ ಪುಣೆಯ ಈ ಬೆನ್ನುಗಳು ನನ್ನನ್ನು ಹೆಚ್ಚು ಕಾಡಿವೆ. ಕನ್ನಡಿ ‘ಇದು ನೀನೇ’ ಎಂದು ಹೇಳಿಬಿಡುತ್ತದೆ, ಬೆನ್ನು ಏನೂ ಹೇಳುವುದಿಲ್ಲ.

ವಲಸಿಗರಾದ ನಮಗೆ ಮುಖ್ಯವಾಗಬೇಕಾದವನು ಘಾಶೀರಾಮ. ಕನೌಜಿನಿಂದ ಹೊಟ್ಟೆಪಾಡಿಗೆ ಪುಣೆಗೆ ಬಂದವನು. ಗುಲಾಬಿ ಎಂಬವಳ ಕುಣಿತದ ಮನೆಯಲ್ಲಿ ಚಾಕರಿ. ದಕ್ಷಿಣೆ ಹಂಚುವಲ್ಲಿ ಹೋದರೆ ಕಳ್ಳನೆಂದು ಹಿಡಿದು, ಬಡಿದು, ಊರಾಚೆ ಅಟ್ಟುತ್ತಾರೆ. ಮಗಳು ಗೌರಿಯನ್ನು ನಾನಾ ಫಡ್ನವೀಸನಿಗೆ ಒಪ್ಪಿಸಿ ಅವನು ಕೊತವಾಲಗಿರಿ ಪಡೆಯುತ್ತಾನೆ. ಆಮೇಲೆ ರಾತ್ರಿ ಹೊರಬೀಳಲು ಪರವಾನಗಿ, ಅದಕ್ಕೆ ಇದಕ್ಕೆ ಎಲ್ಲದಕ್ಕೂ ಪರವಾನಗಿ. ಅಪ್ರೂವಲ್ ಮೇಲೇ ಬದುಕುವ ನಾನು ಮೊದಲು ನಕ್ಕೆ. ಕಳ್ಳತನದ ಆರೋಪ ಹೊತ್ತವನ ಅಂಗೈಗೆ ಕಾದ ಕಬ್ಬಿಣದ ಗುಂಡು ಬರುವಲ್ಲಿ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕೊನೆಗೆ ಹೊರಗಿನಿಂದ ಬಂದ ಬ್ರಾಹ್ಮಣರು ಅವನ ಸೆರೆಯಲ್ಲಿ ಉಸಿರುಗಟ್ಟಿ ಸಾಯುತ್ತಾರೆ (ಇತಿಹಾಸ ಅವರನ್ನು ತೆಲಂಗ ಬ್ರಾಹ್ಮಣರೆನ್ನುತ್ತದೆ, ವರ್ಷ 1791). ಊರು ರೊಚ್ಚಿಗೇಳುತ್ತದೆ. ನಾನಾ ಸಲೀಸಾಗಿ ರುಜು ಹಾಕಿ ಕೊತವಾಲನನ್ನು ಗುಂಪಿಗೆ ಬಿಟ್ಟುಕೊಡುತ್ತಾನೆ.

‘ಕ್ಯಾಬರೆ’ಯಲ್ಲೂ ಒಬ್ಬ ಪರಊರಿನವನಿದ್ದಾನೆ, ಅಮೆರಿಕದ ಲೇಖಕ ಕ್ಲಿಫ್. ನೋಡುತ್ತಾನೆ, ಏಟು ತಿನ್ನುತ್ತಾನೆ, ರೈಲು ಹತ್ತಿ ಹೋಗುತ್ತಾನೆ. ವಾಪಸು ಟಿಕೆಟ್ ಇರುವವನ ನೀತಿ ಅದು. ಘಾಶೀರಾಮನಿಗೆ ಆ ಟಿಕೆಟ್ ಇಲ್ಲ. ಅವಮಾನಿಸಿದ ಊರಿನಲ್ಲೇ ದೊಡ್ಡವನಾಗುವ ಹಟಕ್ಕೆ ಬಿದ್ದು, ಆ ಊರಿನ ದೊಡ್ಡವನ ಕೈಯ ದೊಣ್ಣೆಯಾಗುತ್ತಾನೆ. ಅವನು ಹಿಂಸಿಸಿ ಕೊಂದವರಲ್ಲಿ ಅವನಂತೆಯೇ ವಲಸೆ ಬಂದವರೂ ಇದ್ದರು.

1966ರ ಜೂನ್‌ನಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಸಿಟ್ಟು ದಕ್ಷಿಣದವರ ಮೇಲೆ, ಉಡುಪಿ ಹೋಟೆಲುಗಳ ಮೇಲೆ. ಅಧಿಕಾರಸ್ಥರು ಇಂಥ ಶಕ್ತಿಯನ್ನು ಬೇಕಾದಾಗ ಬೆಳೆಸುವ ಬಗೆಯೇ ಈ ನಾಟಕದ ವಸ್ತು ಎಂದು ಹಲವರು ಓದಿದ್ದಾರೆ. ಆ ಓದು ಸರಿ, ಆದರೆ ಅಷ್ಟಕ್ಕೇ ನಿಂತರೆ ನಾವು ಬಲಿಪಶುಗಳ ಸಾಲಿನಲ್ಲಿ ಆರಾಮಾಗಿ ಕೂತುಬಿಡುತ್ತೇವೆ. ಘಾಶೀರಾಮ ನಮ್ಮಂಥವನೇ ಎಂಬುದು ಆಗ ಕಾಣುವುದಿಲ್ಲ.

ಆಗ ಗದ್ದಲವೆದ್ದದ್ದು ಬ್ರಾಹ್ಮಣರಿಗೂ ನಾನಾ ಫಡ್ನವೀಸನಿಗೂ ಅವಮಾನವಾಯಿತೆಂದು. ಪ್ರೋಗ್ರೆಸಿವ್ ಡ್ರಮ್ಯಾಟಿಕ್ ಅಸೋಸಿಯೇಷನ್ ಪ್ರಯೋಗ ನಿಲ್ಲಿಸಿತು. ಹುಡುಗರು ಹೊರಬಂದು 1973ರಲ್ಲಿ ಥಿಯೇಟರ್ ಅಕಾಡೆಮಿ ಕಟ್ಟಿ ಮತ್ತೆ ಆಡಿದರು. ನಾನಾನ ಪಾತ್ರದಲ್ಲಿ ಮೋಹನ್ ಆಗಾಶೆ ಹೆಸರಾದರು. 1980ರ ಯುರೋಪ್ ಪ್ರವಾಸಕ್ಕೂ ವಿರೋಧ ಬಂತು. ಇದು ಇತಿಹಾಸದ ನಾಟಕವಲ್ಲ ಎಂದು ತೆಂಡೂಲ್ಕರ್ ಹೇಳುತ್ತಲೇ ಇದ್ದರು.

ನನಗೆ ಇಷ್ಟು ಇಷ್ಟವಾದ ನಾಟಕದಲ್ಲಿ ಒಂದು ತೂತು ಇದೆ, ಅದು ಗೌರಿ. ‘ಕ್ಯಾಬರೆ’ಯ ಸ್ಯಾಲಿ ಬೌಲ್ಸ್ ಕಣ್ಣು ಮುಚ್ಚಿಕೊಳ್ಳುವವಳೇ ಸರಿ, ಆದರೂ ಆ ತೀರ್ಮಾನವನ್ನು ತನ್ನ ಗಂಟಲಿನಿಂದಲೇ ಹಾಡುತ್ತಾಳೆ. ಗೌರಿಗೆ ದನಿಯೇ ಇಲ್ಲ. ಅಪ್ಪ ಮಾರುತ್ತಾನೆ, ನಾನಾ ಬಳಸುತ್ತಾನೆ, ಬಸುರಿಯಾಗಿ ಸಾಯುತ್ತಾಳೆ. ಅವಳ ಸಾವು ಅಪ್ಪನ ರೋಷಕ್ಕೆ ಉರುವಲು. ಊರು ಅವಳನ್ನು ಸರಕಾಗಿ ಕಂಡಿತೆಂದು ತೋರಿಸುವ ನಾಟಕ ತಾನೂ ಹೆಚ್ಚುಕಡಿಮೆ ಹಾಗೇ ಕಂಡಿದೆ. ಹೊಸದಾಗಿ ಆಡಿಸುವವರು ಅವಳಿಗೆ ಭಾಷಣ ಬರೆದುಕೊಡುವುದು ಬೇಡ, ಅದು ಸುಲಭದ ಪರಿಹಾರ. ಅವಳು ಸತ್ತ ಸುದ್ದಿ ಬಂದ ಮೇಲೆ ಮೃದಂಗ, ತಾಳ ಎಲ್ಲ ಒಂದು ನಿಮಿಷ ನಿಲ್ಲಲಿ. ಸಂಗೀತವೇ ಮತ್ತು ಏರಿಸುವ ನಾಟಕದಲ್ಲಿ ಆ ಮೌನವನ್ನು ಸಭಾಂಗಣ ತಡೆದುಕೊಳ್ಳುತ್ತದೋ ನೋಡಬೇಕು.

ಇನ್ನೊಂದು ಮಾತು ಆ ಸಾಲಿನ ಬಗ್ಗೆ. ಜುಟ್ಟು, ಜನಿವಾರ, ಪಂಚೆಯ ವೇಷದಲ್ಲಿ ನಾವು ಆಡಿದರೆ ಅದು ‘ಅವರ’ ಪೇಶ್ವೆ ನಾಟಕವಾಗಿ ಉಳಿದೀತು. ಆ ಹನ್ನೆರಡು ಮಂದಿ ನಮ್ಮವರೇ ಆಗಿರಲಿ, ಕೊರಳಲ್ಲಿ ಐಡಿ ಕಾರ್ಡು ನೇತಾಡುತ್ತಿರಲಿ. ಧಾರವಾಡ, ಮಂಗಳೂರು, ಮೈಸೂರು ಕನ್ನಡಗಳನ್ನು ಬೆರೆಸಿ ಹಾಡಲಿ. ಘಾಶೀರಾಮ ಹೆಣವಾದ ಮೇಲೆ ನಾನಾ ಉತ್ಸವ ಸಾರುತ್ತಾನೆ, ಕುಣಿತ ಮತ್ತೆ ಶುರುವಾಗುತ್ತದೆ. ಚಪ್ಪಾಳೆ ಬೀಳುವ ಜಾಗ ಅದು, ಲಯ ಹಾಗಿದೆ. ಅಲ್ಲಿ ದೀಪ ಆರಿಸಬಾರದು. ಆ ಹನ್ನೆರಡು ಬೆನ್ನುಗಳು ನಮ್ಮೆದುರು ಹಾಗೇ ನಿಂತಿರಲಿ, ಪ್ರೇಕ್ಷಕರು ಎದ್ದು ಹೋಗುವವರೆಗೆ.